ಅಟ್ಟದ ಮೇಲಿನ ಹದಿಮೂರು ಡಬ್ಬ: ಸ್ಕ್ಯಾನ್ ಮಾಡಿಸಿ ರೀಲು ಗುಜರಿಗೆ ಹಾಕಬಹುದಾ?

ಪ್ರಶ್ನೆ: ನಮ್ಮ ತಂದೆ 1983ರಲ್ಲಿ ಒಂದು ಕನ್ನಡ ಸಿನಿಮಾ ಮಾಡಿಸಿದ್ದರು. ಕಲರ್ ಚಿತ್ರ. ಮೂರು ವಾರ ಓಡಿತು, ಸಾಲ ತೀರಿಸೋಕೆ ತೋಟ ಮಾರಬೇಕಾಯಿತು, ಮತ್ತೆ ಅವರು ಸಿನಿಮಾ ಸುದ್ದಿಗೆ ಹೋಗಲಿಲ್ಲ. ಈಗ ಅವರಿಲ್ಲ. ಮೊನ್ನೆ ಮನೆ ರಿಪೇರಿ ಮಾಡಿಸುವಾಗ ಅಟ್ಟದಿಂದ 13 ತಗಡಿನ ಡಬ್ಬ ಇಳಿಸಿದೆವು. ಮೂರ್ನಾಲ್ಕು ಡಬ್ಬ ತೆರೆದರೆ ಗೋಬಿ ಮಂಚೂರಿ ಗಾಡಿ ಹತ್ತಿರ ಬರುತ್ತಲ್ಲ, ಆ ವಿನೆಗರ್ ವಾಸನೆ. ಒಂಬತ್ತನೇ ಡಬ್ಬ ತೆರೆದಾಗಂತೂ ಕಣ್ಣು ಉರಿಯಿತು. ಸೆನ್ಸಾರ್ ಸರ್ಟಿಫಿಕೇಟ್ ಸಿಕ್ಕಿದೆ, ಅದರಲ್ಲಿ 14 ರೀಲು, 3,900 ಮೀಟರ್ ಅಂತ ಇದೆ. ನಾಲ್ಕನೇ ಡಬ್ಬ ಇಲ್ಲ. ಗುಜರಿಯವರು ಕೆಜಿ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಪಕ್ಕದ ಮನೆಯವರು ಹಳೇ ರೀಲು ತಾನಾಗೇ ಬೆಂಕಿ ಹತ್ತಿಕೊಳ್ಳುತ್ತೆ, ಮೊದಲು ಹೊರಗೆ ಹಾಕಿ ಅಂತಾರೆ. ಒಂದು ಸ್ಟುಡಿಯೋದವರು ಲಕ್ಷಗಟ್ಟಲೆ ಖರ್ಚು ಹೇಳಿದರು. ನಮ್ಮಣ್ಣನ ಮಗ, ಹಳೇ ವಿಸಿಡಿ ಇದೆಯಲ್ಲ ಅತ್ತೆ, ಎಐಗೆ ಹಾಕಿ 4ಕೆ ಮಾಡಿಕೊಡ್ತೀನಿ ಅಂತಾನೆ. ಏನು ಮಾಡೋದು? ಸ್ಕ್ಯಾನ್ ಮಾಡಿಸಿದರೆ ಆಮೇಲೆ ರೀಲು ಇಟ್ಟುಕೊಳ್ಳಬೇಕಾ? ಒಂಬತ್ತನೇ ರೀಲಿನ ಜಾತ್ರೆ ದೃಶ್ಯದಲ್ಲಿ ನಮ್ಮಮ್ಮ ಬಂದು ಹೋಗ್ತಾರೆ. ಅಮ್ಮ ನಡೆದಾಡುವ ಚಿತ್ರ ನಮ್ಮ ಹತ್ತಿರ ಬೇರೆ ಒಂದೂ ಇಲ್ಲ.
(ಹಾಸನ ಜಿಲ್ಲೆಯ ಓದುಗರೊಬ್ಬರು)

ಉತ್ತರ: ಮೊದಲು ಒಂದು ಕೆಲಸ. ಗುಜರಿಯವರಿಗೆ ಇವತ್ತೇ ಫೋನ್ ಮಾಡಿ ಬೇಡ ಅಂತ ಹೇಳಿಬಿಡಿ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ನಾನು ಮದ್ರಾಸಿನ ಫಿಲ್ಮ್ ಲ್ಯಾಬಿನಲ್ಲಿ ಪ್ರಿಂಟ್ ಚೆಕಿಂಗ್ ಮಾಡುತ್ತಾ ಕೆಲಸ ಕಲಿತವನು. ಲ್ಯಾಬು ಮುಚ್ಚಿದ ಮೇಲೆ ಹಳೇ ರೀಲು ಸ್ಕ್ಯಾನ್ ಮಾಡುವ ಕೆಲಸಕ್ಕೆ ಬಂದೆ. ನಿಮ್ಮಂಥ ಫೋನು ನನಗೆ ತಿಂಗಳಿಗೆ ಒಂದೆರಡಾದರೂ ಬರುತ್ತೆ. ಹೆಚ್ಚಿನವರು ರೀಲು ಮಾರಿದ ಮೇಲೆ ಮಾಡುತ್ತಾರೆ. ನೀವು ಮಾರುವ ಮೊದಲೇ ಕೇಳಿದ್ದೀರಿ, ನನಗೆ ಅದೇ ದೊಡ್ಡ ಸಮಾಧಾನ.

ಬೆಂಕಿಯ ಭಯ ಬಿಡಿ. ಪಕ್ಕದ ಮನೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅದು ಬೇರೆ ಕಾಲದ ಫಿಲ್ಮಿನ ಕಥೆ. 1950ರ ದಶಕದ ಶುರುವಿನವರೆಗೆ ಸಿನಿಮಾಗೆ ನೈಟ್ರೇಟ್ ಫಿಲ್ಮ್ ಬಳಸುತ್ತಿದ್ದರು. ಅದು ಉರಿಯೋಕೆ ಬೇಕಾದ ಆಮ್ಲಜನಕವನ್ನು ತಾನೇ ಕೊಟ್ಟುಕೊಳ್ಳುತ್ತೆ, ನೀರಿನೊಳಗೆ ಮುಳುಗಿಸಿದರೂ ಉರಿಯುತ್ತೆ. 2003ರ ಜನವರಿಯಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ರೀಲುಗಳಿಗೆ ಬೆಂಕಿ ಬಿದ್ದು, ಮತ್ತೆ ಸಿಗದ ಎಷ್ಟೋ ಚಿತ್ರಗಳು ಹೋದವು. ನಿಮ್ಮದು 1983ರದ್ದು, ಅಸಿಟೇಟ್ ಫಿಲ್ಮು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ 'ಸೇಫ್ಟಿ' ಅಂತ ಇರುತ್ತೆ, ಬೆಳಕಿಗೆ ಹಿಡಿದು ನೋಡಿ. ಬೆಂಕಿ ತೋರಿಸಿದರೆ ಉರಿಯುತ್ತೆ, ಆದರೆ ಡಬ್ಬದೊಳಗೆ ಕೂತು ತಾನಾಗೇ ಹೊತ್ತಿಕೊಳ್ಳಲ್ಲ.

ಅದಕ್ಕಿರುವ ಕಾಯಿಲೆಯೇ ಬೇರೆ, ನಿಮ್ಮ ಮೂಗಿಗೆ ಅದು ಆಗಲೇ ಗೊತ್ತಾಗಿದೆ. ಅಸಿಟೇಟ್ ಫಿಲ್ಮು ಸೆಕೆ ಮತ್ತು ತೇವಕ್ಕೆ ಒಡೆಯೋಕೆ ಶುರುವಾದರೆ ಅಸಿಟಿಕ್ ಆಮ್ಲ ಬಿಡುತ್ತೆ. ವಿನೆಗರ್‌ನಲ್ಲಿ ಇರೋದೂ ಅದೇ. ತೊಂದರೆ ಏನಂದರೆ, ಆ ಆಮ್ಲವೇ ಫಿಲ್ಮನ್ನು ಇನ್ನಷ್ಟು ಬೇಗ ಒಡೆಯುತ್ತೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಒಮ್ಮೆ ಶುರುವಾದರೆ ತಾನೇ ಬೆಳೆಯುತ್ತಾ ಹೋಗುತ್ತೆ. ಪಕ್ಕದ ಡಬ್ಬಕ್ಕೂ ಅಂಟುತ್ತೆ. ಹೊಸ ಫಿಲ್ಮನ್ನು 21 ಡಿಗ್ರಿ ಉಷ್ಣಾಂಶ, ಶೇಕಡಾ 50ರಷ್ಟು ತೇವದಲ್ಲಿ ಇಟ್ಟರೂ ಸುಮಾರು 40 ವರ್ಷಕ್ಕೆ ಈ ವಾಸನೆ ಶುರುವಾಗುತ್ತೆ ಅನ್ನೋದು ಪರಿಣತರ ಅಂದಾಜು. ಹೆಂಚಿನ ಕೆಳಗಿನ ಅಟ್ಟ, ಏಪ್ರಿಲ್ ತಿಂಗಳು, ಆಮೇಲೆ ಮಲೆನಾಡಿನ ಅಂಚಿನ ಮಳೆ. ಅಷ್ಟಾದರೂ ಉಳಿದಿದೆ ಅಂದರೆ ನಿಮ್ಮ ತಂದೆಯವರು ಒಳ್ಳೇ ಡಬ್ಬದಲ್ಲಿ, ಜೋಪಾನವಾಗಿ ಇಟ್ಟಿದ್ದರು ಅಂತ ಕಾಣುತ್ತೆ.

ಒಂಬತ್ತನೇ ಡಬ್ಬವನ್ನು ಇನ್ನೊಮ್ಮೆ ನೋಡುವಾಗ ಕಿಟಕಿ ಬಾಗಿಲು ತೆಗೆದು, ಮುಖ ಹತ್ತಿರ ತರದೆ ನೋಡಿ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ದೂರ ಇರಲಿ. ಸುತ್ತನ್ನು ಬಿಚ್ಚಬೇಡಿ. ಮೇಲಿಂದಲೇ ಮೂರು ವಿಷಯ ಗಮನಿಸಿ. ಸುತ್ತು ತಟ್ಟೆಯ ಹಾಗೆ ಚಪ್ಪಟೆಯಾಗಿ ಕೂತಿದೆಯಾ, ಇಲ್ಲ ಅಂಚೆಲ್ಲ ಸುಟ್ಟ ಹಪ್ಪಳದ ಹಾಗೆ ಅಲೆಅಲೆಯಾಗಿ ಎದ್ದಿದೆಯಾ? ಬೂಷ್ಟಿನಂತೆ ಕಾಣುವ, ಆದರೆ ಬೂಷ್ಟಲ್ಲದ ಬಿಳಿ ಪುಡಿ ಇದೆಯಾ? ಅದು ಫಿಲ್ಮಿನೊಳಗಿಂದ ಹೊರಗೆ ಬಂದದ್ದು. ಸುತ್ತುಗಳು ಒಂದಕ್ಕೊಂದು ಅಂಟಿ ಇಟ್ಟಿಗೆ ಥರ ಆಗಿದೆಯಾ? ಬರೀ ವಾಸನೆ ಇದ್ದರೆ ಸಮಯ ಇದೆ. ಅಂಚು ಎದ್ದಿದ್ದರೆ ಫಿಲ್ಮು ಕುಗ್ಗಿದೆ, ಅವಸರ ಮಾಡಬೇಕು. ಇಟ್ಟಿಗೆಯಾಗಿದ್ದರೂ ಕೈ ಬಿಡಬೇಡಿ, ಆದರೆ ನೀವಾಗಲಿ ಊರಿನ ಹಳೇ ಟಾಕೀಸಿನ ಆಪರೇಟರ್ ಆಗಲಿ ಬಿಡಿಸೋಕೆ ಹೋಗಬೇಡಿ. ಪ್ರೊಜೆಕ್ಟರಿಗೆ ಹಾಕಿ 'ಒಮ್ಮೆ ಓಡುತ್ತಾ ನೋಡೋಣ' ಅನ್ನೋದಂತೂ ಬೇಡವೇ ಬೇಡ. ಫಿಲ್ಮು ಕುಗ್ಗಿದರೆ ಅಂಚಿನ ತೂತುಗಳು ಹಲ್ಲಿನ ಚಕ್ರಕ್ಕೆ ಕೂರಲ್ಲ, ಚಕ್ರ ಹರಿದುಕೊಂಡೇ ಹೋಗುತ್ತೆ. ನಲವತ್ತು ವರ್ಷ ಉಳಿದ ರೀಲು ಹತ್ತು ನಿಮಿಷದಲ್ಲಿ ಹಾಳಾಗಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ.

ಈಗ ನಿಮ್ಮ ಹತ್ತಿರ ಇರೋದು ಏನು ಅನ್ನೋದು. 13 ಡಬ್ಬ ಅಂದಿರಿ. ಚಿತ್ರದ ಪಕ್ಕದಲ್ಲಿ ಒಂದು ಬದಿಗೆ ಅಂಕುಡೊಂಕು ಗೆರೆ ಓಡುತ್ತಿದ್ದು, ಮನುಷ್ಯರ ಮುಖ ಸಹಜವಾಗಿ ಕಾಣುತ್ತಿದ್ದರೆ ಅದು ಥಿಯೇಟರಿಗೆ ಹೋದ ಪ್ರಿಂಟ್. ಆ ಗೆರೆಯೇ ಧ್ವನಿ. ಬಣ್ಣ ತಿರುಗುಮುರುಗಾಗಿ, ಒಟ್ಟಾರೆ ಕಿತ್ತಳೆ ಛಾಯೆ ಇದ್ದರೆ ನೆಗೆಟಿವ್. ನೆಗೆಟಿವ್‌ನಲ್ಲಿ ಧ್ವನಿ ಇರಲ್ಲ, ಧ್ವನಿಗೆ ಬೇರೆಯೇ ನೆಗೆಟಿವ್ ಇರುತ್ತೆ, ಅದರಲ್ಲಿ ಚಿತ್ರ ಇರಲ್ಲ. ಇದು ಗೊತ್ತಿಲ್ಲದೆ 'ಖಾಲಿ ರೀಲು' ಅಂತ ಧ್ವನಿಯ ನೆಗೆಟಿವ್ ಎಸೆದವರು ಇದ್ದಾರೆ. ಒಂದು ಮನೆಯವರು ತಂದ ನೆಗೆಟಿವ್ ನಾನು ಸ್ಕ್ಯಾನ್ ಮಾಡಿದೆ, ಚಿತ್ರ ನಿನ್ನೆ ತೆಗೆದ ಹಾಗೆ ಬಂತು, ನಾಯಕಿ ಅಳುತ್ತಾ ಏನೋ ಹೇಳುತ್ತಾಳೆ, ಎರಡು ನಿಮಿಷದ ಕ್ಲೋಸಪ್, ಒಂದು ಮಾತೂ ಕೇಳಲ್ಲ. ಅವರ ಮನೆಯವರೆಲ್ಲ ಪರದೆ ಮುಂದೆ ಸುಮ್ನೆ ಕೂತಿದ್ದರು.

ನೀವು ಬರೆದದ್ದು ನೋಡಿದರೆ ನಿಮ್ಮದು ಪ್ರಿಂಟ್ ಇರಬೇಕು. ಆಗಿನ ಕನ್ನಡ ಕಲರ್ ಚಿತ್ರಗಳಲ್ಲಿ ಬಹುಪಾಲು ಮದ್ರಾಸಿನ ಲ್ಯಾಬುಗಳಲ್ಲೇ ತೊಳೆದು ಪ್ರಿಂಟ್ ಆದವು. ನೆಗೆಟಿವ್ ಲ್ಯಾಬಿನಲ್ಲೇ ಉಳಿಯುತ್ತಿತ್ತು, ಪ್ರಿಂಟ್ ಊರೂರಿಗೆ ಹೋಗುತ್ತಿತ್ತು. ಅಲ್ಲಿವರೆಗೆ ಒಂದು ವ್ಯವಸ್ಥೆ ಇತ್ತು. 2000ದ ದಶಕದ ನಡುವಿನಲ್ಲಿ ಥಿಯೇಟರುಗಳಿಗೆ ಸ್ಯಾಟಲೈಟಿನಿಂದ, ಹಾರ್ಡ್ ಡಿಸ್ಕಿನಿಂದ ಸಿನಿಮಾ ಬರೋಕೆ ಶುರುವಾಯಿತು, ಯುಎಫ್‌ಒ, ಕ್ಯೂಬ್ ಅಂತ ಪರದೆ ಮೇಲೆ ಹೆಸರು ಬರುತ್ತಲ್ಲ, ಅದು. ನಿರ್ಮಾಪಕರಿಗೆ ಒಂದೊಂದು ಪ್ರಿಂಟಿನ ಹಿಂದೆ ಹತ್ತಾರು ಸಾವಿರ ಉಳಿಯಿತು, ಸಣ್ಣ ಊರಿಗೂ ಮೊದಲ ದಿನವೇ ಸಿನಿಮಾ ಸಿಕ್ಕಿತು. ಒಳ್ಳೇದೇ ಆಯಿತು, ನಾನು ಅದರ ವಿರೋಧಿ ಅಲ್ಲ. ಆದರೆ ಪ್ರಿಂಟ್ ಹಾಕಿಸುವವರು ಇಲ್ಲ ಅಂದ ಮೇಲೆ ಲ್ಯಾಬು ನಡೆಯೋದು ಹೇಗೆ? 2012ರಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. 2013ರಲ್ಲಿ ಫ್ಯೂಜಿ ಸಿನಿಮಾ ಶೂಟಿಂಗ್ ಫಿಲ್ಮ್ ಮಾಡೋದನ್ನೇ ನಿಲ್ಲಿಸಿತು. ನಮ್ಮ ಕಡೆ ಲ್ಯಾಬುಗಳು ಒಂದೊಂದಾಗಿ ಬಾಗಿಲು ಹಾಕಿದವು. ಆಗ ರ‍್ಯಾಕಿನಲ್ಲಿದ್ದ ಸಾವಿರಾರು ಡಬ್ಬಗಳಿಗೆ ಕೇಳುವವರು ಇರಲಿಲ್ಲ. ಬಾಡಿಗೆ ಕಟ್ಟದ ನಿರ್ಮಾಪಕರು, ತೀರಿಹೋದ ನಿರ್ಮಾಪಕರು, ವಿಳಾಸ ಬದಲಾದವರು. ಸ್ವಲ್ಪ ಡಬ್ಬ ಪುಣೆಯ ಸಂಗ್ರಹಾಲಯಕ್ಕೆ ಹೋಯಿತು, ಸ್ವಲ್ಪ ನಿರ್ಮಾಪಕರ ಮನೆಗೆ, ಉಳಿದದ್ದರಲ್ಲಿ ಎಷ್ಟೋ ಗುಜರಿಗೆ. ಕಪ್ಪುಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತೆ, ಅದನ್ನು ತೆಗೆಯೋಕೆ ಕೊಳ್ಳುವವರಿದ್ದರು. ನಿಮ್ಮ ಗುಜರಿಯವರು ಕಲರ್ ರೀಲನ್ನೂ ಕೇಳುತ್ತಿದ್ದಾರೆ ಅಂದರೆ ಅವರಿಗೆ ಬೇಕಾಗಿರೋದು ಬರೀ ಪ್ಲಾಸ್ಟಿಕ್ ಮತ್ತು ತಗಡು.

ಹಾಗಾಗಿ ನಿಮ್ಮ ಅಟ್ಟದಲ್ಲಿ ಇರೋದು ಆ ಸಿನಿಮಾದ ಕೊನೇ ಪ್ರತಿ ಇರಬಹುದು. ಇದು ಹೆದರಿಸೋಕೆ ಹೇಳಿದ್ದಲ್ಲ. ಕನ್ನಡದಲ್ಲಿ ಮೊದಲು ಬಿಡುಗಡೆಯಾದ ಮಾತಿನ ಚಿತ್ರ 1934ರ ಸತಿ ಸುಲೋಚನ, ಅದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಇನ್ನೊಂದು ಕಡೆ, 1977ರ ಘಟಶ್ರಾದ್ಧ ಇದೆ. ಅದರ ಮೂಲ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಭದ್ರವಾಗಿ ಇದ್ದದ್ದರಿಂದಲೇ 2024ರಲ್ಲಿ ಹೊಸದಾಗಿ ಸಿದ್ಧವಾಗಿ ವೆನಿಸ್ ಚಿತ್ರೋತ್ಸವದ ಪರದೆ ಮೇಲೆ ಬಂತು. ಡಬ್ಬ ಉಳಿದಿದ್ದರೆ ಮಾತ್ರ ಹೊಸ ತಂತ್ರಜ್ಞಾನಕ್ಕೆ ಕೆಲಸ.

ಇನ್ನು ನಿಮ್ಮ ಅಣ್ಣನ ಮಗನ ಮಾತು. ಹುಡುಗನ ಉತ್ಸಾಹ ನನಗೆ ಇಷ್ಟವಾಯಿತು, ಆದರೆ ಲೆಕ್ಕ ನೋಡಿ. ವಿಸಿಡಿಯ ಒಂದು ಚಿತ್ರದಲ್ಲಿ ಅಡ್ಡ 352, ಉದ್ದ 288 ಚುಕ್ಕಿ, ಒಟ್ಟು ಒಂದು ಲಕ್ಷ ಚಿಲ್ಲರೆ. ಅದೇ ಫ್ರೇಮನ್ನು 2ಕೆ, ಅಂದರೆ ಅಡ್ಡಕ್ಕೆ ಸುಮಾರು ಎರಡು ಸಾವಿರ ಚುಕ್ಕಿ ಬರುವ ಹಾಗೆ, ಸ್ಕ್ಯಾನ್ ಮಾಡಿದರೆ 30 ಲಕ್ಷಕ್ಕೂ ಜಾಸ್ತಿ. ನಡುವೆ ಇರುವ ಆ 29 ಲಕ್ಷ ಚುಕ್ಕಿಯನ್ನು ಎಐ ಎಲ್ಲಿಂದ ತರುತ್ತೆ? ಬೇರೆ ಲಕ್ಷಾಂತರ ಮುಖ ನೋಡಿ ಕಲಿತದ್ದರಿಂದ ಅಂದಾಜು ಮಾಡಿ ಬರೆಯುತ್ತೆ. ಜಾತ್ರೆ ದೃಶ್ಯದಲ್ಲಿ ದೂರದಲ್ಲಿ ನಿಂತ ನಿಮ್ಮಮ್ಮನ ಮುಖ ವಿಸಿಡಿಯಲ್ಲಿ ಹತ್ತು ಹದಿನೈದು ಚುಕ್ಕಿ ಅಗಲ ಇರಬಹುದು. ಎಐ ಅಲ್ಲಿ ಒಂದು ಚೆಂದದ ಮುಖ ಕೂರಿಸುತ್ತೆ. ಅದು ನಿಮ್ಮಮ್ಮನದಾಗಿರಲ್ಲ. ರೀಲಿನಲ್ಲಿ ಇರೋದು ಅವತ್ತು ಅವರ ಮುಖಕ್ಕೆ ಬಿದ್ದ ಬೆಳಕೇ ಮೂಡಿಸಿದ ಗುರುತು.

ಹಾಗಂತ ಎಐ ಕೆಲಸಕ್ಕೇ ಬಾರದು ಅಂತಲ್ಲ. ನಾವೂ ದಿನಾ ಬಳಸುತ್ತೇವೆ. ಒಂದು ಫ್ರೇಮಿನಲ್ಲಿ ಗೀರು ಬಿದ್ದಿದ್ದರೆ ಹಿಂದಿನ, ಮುಂದಿನ ಫ್ರೇಮ್ ನೋಡಿ ಅದೇ ಜಾಗ ತುಂಬುತ್ತೆ. ಮೊದಲು ಒಬ್ಬ ಮನುಷ್ಯ ಕೂತು ಒಂದೊಂದೇ ಚುಕ್ಕಿ ಒರೆಸಬೇಕಿತ್ತು. ಆದರೆ ಅಲ್ಲಿ ತುಂಬುವುದಕ್ಕೆ ಅಕ್ಕಪಕ್ಕ ನಿಜವಾದ ಚಿತ್ರ ಇರುತ್ತೆ. ಅದೂ ಕೆಲವೊಮ್ಮೆ ಮಳೆಹನಿಯನ್ನು ಕೊಳೆ ಅಂತ ಅಳಿಸಿಬಿಡುತ್ತೆ, ಕೂತು ನೋಡಲೇಬೇಕು. ವಿಸಿಡಿಯನ್ನು ಎಸೆಯಬೇಡಿ. ಅದಕ್ಕೊಂದು ಕೆಲಸ ಇದೆ. 3,900 ಮೀಟರ್ ಅಂದರೆ, ನಿಮಿಷಕ್ಕೆ 27 ಮೀಟರ್ ಚಿಲ್ಲರೆ ಓಡುತ್ತೆ, ಸುಮಾರು 142 ನಿಮಿಷದ ಸಿನಿಮಾ. ನಾಲ್ಕನೇ ಡಬ್ಬ ಇಲ್ಲ ಅಂದರೆ ಹತ್ತು ನಿಮಿಷ ಇಲ್ಲ. ಆ ಹತ್ತು ನಿಮಿಷಕ್ಕೆ ಸದ್ಯ ವಿಸಿಡಿಯೇ ಗತಿ. ಪರದೆಯಲ್ಲಿ ಮಸುಕಾಗಿ ಬರಲಿ, ಪರವಾಗಿಲ್ಲ, ಕಥೆ ಕಡಿಯಲ್ಲ. ಡಿಸ್ಕನ್ನು ಈಗಲೇ ಕಂಪ್ಯೂಟರಿಗೆ ಕಾಪಿ ಮಾಡಿಸಿಡಿ. ಈ ಕೆಲಸ ಹುಡುಗನಿಗೇ ವಹಿಸಿ.

ಲಕ್ಷಗಟ್ಟಲೆ ಖರ್ಚಿನ ವಿಷಯಕ್ಕೆ ಬರೋಣ. ಸ್ಕ್ಯಾನಿಂಗ್ ಬೇರೆ, ರಿಸ್ಟೋರೇಶನ್ ಬೇರೆ. ಇದನ್ನು ಯಾರೂ ಬಿಡಿಸಿ ಹೇಳಲ್ಲ, ಎರಡನ್ನೂ ಸೇರಿಸಿ ಒಂದು ಮೊತ್ತ ಹೇಳುತ್ತಾರೆ, ಮನೆಯವರು ಹೆದರಿ ಎದ್ದು ಬರುತ್ತಾರೆ. ರೀಲು ತೊಳೆದು, ಹರಿದ ಕಡೆ ಅಂಟಿಸಿ, ಫ್ರೇಮ್ ಫ್ರೇಮ್ ಫೋಟೋ ತೆಗೆಯೋದು ಸ್ಕ್ಯಾನಿಂಗ್. ಗೀರು ಒರೆಸೋದು, ಬಣ್ಣ ಸರಿ ಮಾಡೋದು, ಧ್ವನಿ ಶುದ್ಧ ಮಾಡೋದು ರಿಸ್ಟೋರೇಶನ್. ದುಡ್ಡು ಹೋಗೋದು ಜಾಸ್ತಿ ಎರಡನೆಯದಕ್ಕೆ, ಮತ್ತು ಎರಡನೆಯದಕ್ಕೆ ಅವಸರ ಇಲ್ಲ. ಹತ್ತು ವರ್ಷ ಬಿಟ್ಟು ಮಾಡಿಸಿದರೆ ಇನ್ನೂ ಚೆನ್ನಾಗಿ, ಬಹುಶಃ ಕಡಿಮೆ ಖರ್ಚಿನಲ್ಲಿ ಆಗುತ್ತೆ. ಸ್ಕ್ಯಾನಿಂಗಿಗೆ ಮಾತ್ರ ಅವಸರ ಇದೆ, ಯಾಕಂದರೆ ರೀಲು ಕಾಯಲ್ಲ. ಅದಕ್ಕೇ ಬರೀ ಸ್ಕ್ಯಾನಿಂಗಿಗೆ, ನಿಮಿಷಕ್ಕೆ ಎಷ್ಟು ಅಂತ ಬರೆದು ಕೊಡಿ ಅಂತ ಕೇಳಿ. ಪೂರ್ತಿ ಸಿನಿಮಾಗೆ ಆಗದಿದ್ದರೆ ವಾಸನೆ ಬಂದ ಮೂರ್ನಾಲ್ಕು ರೀಲು ಮೊದಲು ಮಾಡಿಸಿ.

4ಕೆ ಬೇಕೇ ಬೇಕು ಅಂತ ಸ್ಟುಡಿಯೋದವರು ಅಂದರೆ ಸ್ವಲ್ಪ ತಡೆಯಿರಿ. ನೆಗೆಟಿವ್ ಆಗಿದ್ದರೆ ನಾನೇ 4ಕೆ ಮಾಡಿಸಿ ಅನ್ನುತ್ತಿದ್ದೆ. ಊರೂರು ಸುತ್ತಿದ ಪ್ರಿಂಟಿನಲ್ಲಿ ಅಷ್ಟು ಸೂಕ್ಷ್ಮ ವಿವರ ಉಳಿದಿರಲ್ಲ, ಒಳ್ಳೇ 2ಕೆ ಸಾಕು. ಬದಲಿಗೆ ಇದನ್ನು ಕೇಳಿ: ನಿಮ್ಮ ಸ್ಕ್ಯಾನರ್ ಹಲ್ಲಿನ ಚಕ್ರದಿಂದ ಫಿಲ್ಮ್ ಎಳೆಯುತ್ತಾ, ಇಲ್ಲ ನಯವಾದ ರೋಲರಿನಲ್ಲಾ? ಕುಗ್ಗಿದ ಫಿಲ್ಮಿಗೆ ರೋಲರೇ ಆಗಬೇಕು. ಅಂಚಿನ ಧ್ವನಿ ಗೆರೆಯನ್ನೂ ಓದಿಸಿ ಕೊಡ್ತೀರಾ? ಬಣ್ಣ ತಿದ್ದದ, ಏನೂ ಒರೆಸದ ಮೂಲ ಸ್ಕ್ಯಾನ್ ಫೈಲ್ ಕೊಡ್ತೀರಾ? ಈ ಕೊನೇದಕ್ಕೆ 'ಅದೆಲ್ಲ ನಿಮಗೆ ಯಾಕೆ, ಎಂಪಿ4 ಕೊಡ್ತೀವಿ' ಅನ್ನುವ ಕಡೆ ರೀಲು ಬಿಟ್ಟು ಬರಬೇಡಿ.

ಬಣ್ಣದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ನೋಡಿ ಬೇಜಾರಾಗಬಾರದು. ಆ ಕಾಲದ ಕಲರ್ ಪ್ರಿಂಟಿನಲ್ಲಿ ನೀಲಿಹಸಿರು ಬಣ್ಣ ಮೊದಲು ಹೋಗುತ್ತೆ, ಉಳಿಯೋದು ಗುಲಾಬಿ. ಆಕಾಶ, ಮರ, ಮುಖ ಎಲ್ಲ ಗುಲಾಬಿ. ಸ್ಕ್ಯಾನ್ ಆದ ಮೇಲೆ ಅದರಲ್ಲಿ ಸುಮಾರಷ್ಟು ವಾಪಸ್ ತರಬಹುದು, ಪೂರ್ತಿ ಆಗಲ್ಲ.

ನಿಮ್ಮ ಮುಖ್ಯ ಪ್ರಶ್ನೆ: ಆಮೇಲೆ ರೀಲು ಬೇಕಾ? ಬೇಕು. ನನಗೆ ಗೊತ್ತಿರುವ ಒಬ್ಬ ನಿರ್ಮಾಪಕರು 2011ರಲ್ಲಿ ಎರಡು ಸಿನಿಮಾ ಸ್ಕ್ಯಾನ್ ಮಾಡಿಸಿದರು. ಒಂದು ಹಾರ್ಡ್ ಡಿಸ್ಕಿನಲ್ಲಿ ಹಾಕಿಸಿ ಬೀರುವಿನಲ್ಲಿಟ್ಟರು, ಜಾಗ ಇಲ್ಲ ಅಂತ ರೀಲು ಮಾರಿದರು. ಆರು ವರ್ಷದ ಮೇಲೆ ಒಂದು ಚಾನೆಲ್‌ನವರು ಕೇಳಿದಾಗ ಡಿಸ್ಕ್ ಹಾಕಿದರೆ ಟಿಕ್ ಟಿಕ್ ಸದ್ದು ಅಷ್ಟೇ. ಡೇಟಾ ತೆಗೆಯುವ ಇಬ್ಬರ ಹತ್ತಿರ ಹೋದರು, ಏನೂ ಬರಲಿಲ್ಲ. ಎರಡೂ ಸಿನಿಮಾ ಹೋಯಿತು. ರೀಲು ಹಾಳಾಗೋದು ನಿಧಾನ, ವಾಸನೆಯಿಂದ ಮೊದಲೇ ತಿಳಿಸುತ್ತೆ. ಹಾರ್ಡ್ ಡಿಸ್ಕು ಎಷ್ಟೋ ಸಲ ಒಂದು ಸೂಚನೆಯೂ ಕೊಡದೆ ಒಂದೇ ದಿನದಲ್ಲಿ ಹೋಗುತ್ತೆ.

ನಿಮ್ಮ ಸಿನಿಮಾ 2ಕೆಯಲ್ಲಿ ಸುಮಾರು ಎರಡು ಲಕ್ಷ ಫ್ರೇಮು, ಎರಡೂವರೆ ಟೆರಾಬೈಟಿನಷ್ಟು ಆಗುತ್ತೆ. ಬೇರೆ ಬೇರೆ ಕಂಪನಿಯ ಎರಡು ಡಿಸ್ಕಿನಲ್ಲಿ ಹಾಕಿಸಿ, ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ ಇರಲಿ. ಸಾಧ್ಯವಾದರೆ ಲ್ಯಾಬಿನಲ್ಲೇ ಎಲ್‌ಟಿಒ ಟೇಪಿಗೂ, ಅಂದರೆ ಕಂಪ್ಯೂಟರ್ ಫೈಲುಗಳನ್ನು ಬಹುಕಾಲ ಇಡುವ ಟೇಪಿಗೂ, ಹಾಕಿಸಿ. ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ, ಡಿಸ್ಕ್ ಹಾಕಿ ಓಡಿಸಿ ನೋಡಿ, ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಬದಲಾಯಿಸಿ. ಯೂಟ್ಯೂಬಿಗೆ ಹಾಕಿದರೆ ಉಳಿದ ಹಾಗೇ ಅಲ್ವಾ ಅಂತ ಕೆಲವರು ಕೇಳುತ್ತಾರೆ. ನೋಡೋಕೆ ಒಳ್ಳೇದು. ಆದರೆ ಅಲ್ಲಿ ಉಳಿಯೋದು ಹಿಂಡಿ ಚಿಕ್ಕದು ಮಾಡಿದ ಪ್ರತಿ.

ಹಕ್ಕಿನ ವಿಷಯ ಮರೆಯಬೇಡಿ. ಸಿನಿಮಾ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಕಾಪಿರೈಟ್ ಇರುತ್ತೆ, ಅಂದರೆ ನಿಮ್ಮದು ಇನ್ನೂ ಜೀವಂತ. ಆದರೆ ನಿಮ್ಮ ತಂದೆಯವರು ಸಾಲದ ಹೊತ್ತಿನಲ್ಲಿ ನೆಗೆಟಿವ್ ರೈಟ್ಸ್, ಅಂದರೆ ಸಿನಿಮಾದ ಹಕ್ಕನ್ನೇ, ಯಾರಿಗಾದರೂ ಬರೆದುಕೊಟ್ಟಿದ್ದರೆ? ಆಗ ಹೀಗೆ ತುಂಬ ಆಗಿದೆ. ವಿಸಿಡಿ ಬಂದಿದೆ ಅಂದರೆ ಯಾರೋ ಯಾರಿಂದಲೋ ಹಕ್ಕು ಕೊಂಡಿದ್ದಾರೆ, ಅದರ ಕವರಿನ ಮೇಲೆ ಹೆಸರು ನೋಡಿ. ರೀಲು ಕಾಪಾಡೋಕೆ ಇದು ಅಡ್ಡಿಯಾಗಬೇಕಿಲ್ಲ, ಆದರೆ ಹೊರಗೆ ತೋರಿಸುವ, ಮಾರುವ ಮೊದಲು ಹಳೇ ಕಾಗದ ಒಬ್ಬ ವಕೀಲರಿಗೆ ತೋರಿಸಿ.

ಖರ್ಚು ನಿಮ್ಮ ಕೈ ಮೀರಿದರೆ ಇನ್ನೊಂದು ದಾರಿ ಇದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಿಂದ ಇದೆ, ಈಗ ಕೇಂದ್ರ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಕೆಳಗೆ ಬರುತ್ತೆ. ಮುಂಬೈಯಲ್ಲಿ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇದೆ. ಎರಡೂ ಕಡೆ ತಣ್ಣಗಿನ, ಒಣ ಕೋಣೆಗಳಲ್ಲಿ ರೀಲು ಇಡುತ್ತಾರೆ. ನಿಮ್ಮ ಮನೆಯಲ್ಲಿ ಎಷ್ಟು ಮುತುವರ್ಜಿ ವಹಿಸಿದರೂ ಆ ತಂಪು ಕೊಡೋಕಾಗಲ್ಲ. ಆದರೆ ಅಲ್ಲಿ ಇಟ್ಟ ಕೂಡಲೇ ಸ್ಕ್ಯಾನ್ ಆಗುತ್ತೆ ಅಂದುಕೊಳ್ಳಬೇಡಿ, ಸಾಲು ದೊಡ್ಡದಿದೆ. ಮಾಲೀಕತ್ವ ಮತ್ತು ಹಕ್ಕು ನಿಮ್ಮದೇ ಅಂತ ಬರಹದಲ್ಲಿ ಪಡೆದು ಕೊಡಿ. ನನ್ನನ್ನು ಕೇಳಿದರೆ ವಾಸನೆ ಬಂದ ರೀಲು ಮೊದಲು ಸ್ಕ್ಯಾನ್ ಮಾಡಿಸಿ, ಆಮೇಲೆ ಎಲ್ಲ 13ನ್ನೂ ಸಂಗ್ರಹಾಲಯಕ್ಕೆ ಕೊಡುವ ಮಾತು ಆಡಿ. ಜೊತೆಗೆ ಅವರಲ್ಲಿ ನಿಮ್ಮ ಸಿನಿಮಾದ ನೆಗೆಟಿವ್ ಏನಾದರೂ ಇದೆಯಾ ಅಂತಲೂ ಕೇಳಿ. ತಂದೆಯವರ ಫೈಲಿನಲ್ಲಿ ಮದ್ರಾಸ್ ಲ್ಯಾಬಿನ ಬಿಲ್ಲೋ ರಸೀದಿಯೋ ಸಿಕ್ಕರೆ ಹುಡುಕೋಕೆ ಅದೇ ಸುಳಿವು. ನಾಲ್ಕನೇ ರೀಲು ಅಲ್ಲಿ ಸಿಗಲೂಬಹುದು.

ಅಲ್ಲಿವರೆಗೆ ಡಬ್ಬಗಳನ್ನು ಮತ್ತೆ ಅಟ್ಟಕ್ಕೆ ಹಾಕಬೇಡಿ. ನೆಲಮಹಡಿಯಲ್ಲಿ ಬಿಸಿಲು ಬೀಳದ, ಅಡುಗೆಮನೆ ಬಚ್ಚಲಿನಿಂದ ದೂರದ ಕೋಣೆಯಲ್ಲಿ, ನೆಲಕ್ಕೆ ತಾಗದಂತೆ ಹಲಗೆ ಮೇಲೆ, ಮಲಗಿಸಿ ಇಡಿ. ವಾಸನೆ ಬರುವುದನ್ನೆಲ್ಲ ಬೇರೆ ಕೋಣೆಗೆ ಹಾಕಿ. ಟೇಪು ಸುತ್ತಿ ಗಾಳಿ ಆಡದ ಹಾಗೆ ಮುಚ್ಚಬೇಡಿ, ಆಮ್ಲ ಒಳಗೇ ಉಳಿಯುತ್ತೆ. ನುಸಿಗುಳಿಗೆ ಬೇಡ. ಮನೆ ಫ್ರಿಜ್ಜಿನಲ್ಲೂ ಇಡಬೇಡಿ, ಹೊರಗೆ ತೆಗೆದಾಗ ಬೆವರುತ್ತೆ.

ಸ್ಕ್ಯಾನಿಂಗಿಗೆ ಒಂದರಿಂದ ಹದಿನಾಲ್ಕರವರೆಗೆ ಕ್ರಮವಾಗಿ ಹೋಗಬೇಕು ಅಂತೇನೂ ಇಲ್ಲ. ಒಂಬತ್ತನೇ ಡಬ್ಬದಿಂದ ಶುರು ಮಾಡಿ. ಕಾರಿನಲ್ಲಿ ತರುವಾಗ ಡಿಕ್ಕಿಯಲ್ಲಿ ಇಡಬೇಡಿ, ಬಿಸಿಯಾಗುತ್ತೆ, ಸೀಟಿನ ಮೇಲೆ ಮಲಗಿಸಿ, ಕಿಟಕಿ ಸ್ವಲ್ಪ ಇಳಿಸಿ ತನ್ನಿ. ಸ್ಕ್ಯಾನ್ ಮಾಡುವವರಿಗೆ ಜಾತ್ರೆ ದೃಶ್ಯ ಎಲ್ಲಿ ಬರುತ್ತೆ, ನಿಮ್ಮಮ್ಮ ಯಾವ ಬಣ್ಣದ ಸೀರೆ ಉಟ್ಟಿದ್ದರು ಅಂತ ಹೇಳಿ. ಗುಲಾಬಿಯಾದ ಫ್ರೇಮಿನಲ್ಲಿ ಬಣ್ಣ ವಾಪಸ್ ತರುವವರಿಗೆ ಅದು ತುಂಬ ಉಪಯೋಗಕ್ಕೆ ಬರುತ್ತೆ.